ಕೊರಡು ಹಾಯ್ದ ಪೈರಿಗೆ

ತಮ್ಮಾ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಬೆಳಗ್ಗೆ ನೀನು ಹಿತ್ತಲ ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆಯ ಹೊತ್ತಿಗೆ ಮೂರು ತೀರ್ಮಾನ ಮಾಡಿ ಮುಗಿಸಿದ್ದೆ. ಒಂದು, ಇನ್ನು ಓದು ಸಾಕು. ಎರಡು, ಗೆಳೆಯನ ಬೆನ್ನು ಹತ್ತಿ ಬೆಂಗಳೂರಿಗೆ ಹೋಗುವುದು. ಮೂರು, ಈ ಊರಿಗೆ ಮತ್ತೆ ಮುಖ ತೋರಿಸಬಾರದು. ಒಂದು ಎತ್ತು ಕೊಳ್ಳಬೇಕಾದರೆ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ಮೂರು ಸಂತೆ ತಿರುಗುತ್ತೇವೆ. ನೀನು ಇಡೀ ಬಾಳಿನ ವ್ಯಾಪಾರವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟೆಯಲ್ಲ!

ನಿನ್ನ ಬುದ್ಧಿ ಚುರುಕು, ನನಗೆ ಗೊತ್ತು. ಪಂಪ್‌ಸೆಟ್ಟು ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲೇ ಎಲ್ಲಿ ಕೆಟ್ಟಿದೆ ಅಂತ ಹೇಳುವವನು ನೀನು. ಆದರೆ ನಿನ್ನ ಕಾಲು ಬುದ್ಧಿಗಿಂತ ಚುರುಕು. ಬುದ್ಧಿ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಕಾಲು ಅಗಸಿ ದಾಟಿರುತ್ತದೆ. ಅದಕ್ಕೇ ಈಗ ಹಿಡಿದು ಕೂರಿಸಿದ್ದೇನೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಪಾಸಾದವರಿಗಿಂತ ಫೇಲಾದವರ ಕಥೆಯೇ ನನಗೆ ಹೆಚ್ಚು ಗೊತ್ತು.

ಮೊದಲು ಒಂದು ಲೆಕ್ಕ ಕೇಳು. 2025ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ನಮ್ಮ ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಸಾಗಲಿಲ್ಲ. ಎರಡು ಲಕ್ಷ ಅಂದರೆ ನಮ್ಮ ಊರಿನಂಥ ಊರು ಎಷ್ಟೋ! ಅಂಥವರಲ್ಲಿ ನೀನೂ ಒಬ್ಬ. ಊರಿಗೆಲ್ಲ ಕಾಣುವ ಹಾಗೆ ನಿನ್ನ ಹಣೆಯ ಮೇಲೆ ಯಾರೂ ಏನೂ ಬರೆದಿಲ್ಲ. ಓಣಿಯ ಮಂದಿ ನಾಲ್ಕು ದಿನ ಕೇಳುತ್ತಾರೆ, ಐದನೇ ದಿನ ಅವರಿಗೆ ಬೇರೆ ಸುದ್ದಿ ಸಿಗುತ್ತದೆ.

ಆದರೂ ರಾತ್ರಿ ಒಬ್ಬನೇ ಮಲಗಿದಾಗ ಮನಸ್ಸು ಕತ್ತಲಾದರೆ, ಬದುಕೇ ಬೇಡ ಅನ್ನಿಸಿದರೆ, ನನ್ನ ಬಾಗಿಲು ಬಡಿ. ಸರಿರಾತ್ರಿಯಾದರೂ ಸರಿ. ಮನೆಯವರ ಮುಂದೆ ಹೇಳಲಾಗದಿದ್ದರೆ 14416ಕ್ಕೆ ಫೋನು ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಕಪಟ್ಟಿಯನ್ನು ತಿದ್ದಲು ಬರುತ್ತದೆ ಮಗು. ನೀನು ಇಲ್ಲದ ಮನೆಯನ್ನು ತಿದ್ದಲು ಯಾರಿಗೂ ಬರುವುದಿಲ್ಲ. ಈ ಮಾತು ಒಂದೇ ಸಲ ಹೇಳುತ್ತೇನೆ. ಗಟ್ಟಿಯಾಗಿ ಹಿಡಿದುಕೋ.

ಈಗ ಕೆಲಸದ ಮಾತು.

ನಮ್ಮ ಕಾಲದಲ್ಲಿ ಮಾರ್ಚಿನಲ್ಲಿ ಫೇಲಾದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ನಿನಗೆ ಹಾಗಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಒಂದು ತಪ್ಪಿದರೆ ಇನ್ನೊಂದು ಇದೆ. ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು, ಮರುಎಣಿಕೆ, ಮರುಮೌಲ್ಯಮಾಪನ ಕೇಳಬಹುದು. ಇದಕ್ಕೆಲ್ಲ ಕೊನೆಯ ದಿನಾಂಕ ಇರುತ್ತದೆ, ಅದು ಬೇಗ ಬರುತ್ತದೆ. ನಾಲ್ಕು ದಿನ ಮುಸುಕು ಹೊದ್ದು ಮಲಗಿದರೆ ಗಾಡಿ ಹೋಗಿಬಿಟ್ಟಿರುತ್ತದೆ. ಅಳು ಬಂದರೆ ಅಳು. ಆದರೆ ಅರ್ಜಿ ಹಾಕಿ ಬಂದು ಅಳು.

ಇಷ್ಟು ಹೇಳಿದ ಕೂಡಲೇ ನಿನ್ನ ಕಣ್ಣು ಅರಳಿತು. "ಹಾಗಾದರೆ ಎರಡನೇ ಪರೀಕ್ಷೆ ಬರೆದುಬಿಡುತ್ತೇನೆ ಅಜ್ಜಾ" ಅಂತ ಎದ್ದೇಬಿಟ್ಟೆ. ಕೂತುಕೋ. ಓದಿದ ಹಾಗೆಯೇ ಓದಿ ಬರೆದರೆ ಬಂದಷ್ಟೇ ಬರುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ನಮ್ಮ ಹಾವೇರಿ ಸೀಮೆಯಲ್ಲಿ ಗುಳಿ ರಾಗಿ ಅಂತ ಒಂದು ಪದ್ಧತಿ ಇತ್ತು. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆ ಕೂಡುವ ಕಡೆ ಗುಳಿಗೆ ಒಂದು ಹಿಡಿ ಗೊಬ್ಬರ ಹಾಕಿ, ಎರಡೆರಡು ಸಸಿ ನೆಡುತ್ತಿದ್ದರು. ಸಸಿ ಬೇರು ಹಿಡಿದ ಮೇಲೆ ಎತ್ತು ಕಟ್ಟಿ ಅದರ ಮೇಲೇ ಮರದ ಕೊರಡು ಹಾಯಿಸುತ್ತಿದ್ದರು. ಕಂಡವರಿಗೆ ಎದೆ ಧಸಕ್ಕೆನ್ನಬೇಕು. ನಿಂತ ಪೈರೆಲ್ಲ ನೆಲಕ್ಕೆ ಬಾಗಿ ಮಲಗುತ್ತಿತ್ತು. ಕೆಲವು ದಿನದಲ್ಲಿ ಅದೇ ಬುಡದಿಂದ ಹೊಸ ತೆಂಡೆ ಒಡೆದು, ಮೊದಲಿಗಿಂತ ದಟ್ಟವಾಗಿ ಏಳುತ್ತಿತ್ತು. ನನಗೆ ಆಗ ಹದಿನೈದು ವರ್ಷ. ಅಪ್ಪ ಪರಊರಿಗೆ ಹೋಗಿದ್ದ. ನಾನು ಜಾಣ ಅನ್ನಿಸಿಕೊಳ್ಳುವ ಆಸೆಗೆ, ನಾಟಿ ಮಾಡಿ ಒಂದು ವಾರಕ್ಕೇ ಕೊರಡು ಹೂಡಿದೆ. ಸಸಿ ಬಾಗಲಿಲ್ಲ, ಬೇರು ಸಮೇತ ಕಿತ್ತು ಬಂದವು. ಅಪ್ಪ ಬಂದು ನೋಡಿದ. ಬಯ್ಯಲಿಲ್ಲ. ಮಡಿಯಲ್ಲಿ ಉಳಿದಿದ್ದ ಸಸಿ ಕೊಟ್ಟು, "ಒಂದೊಂದಾಗಿ ಮತ್ತೆ ನೆಡು" ಅಂದ. ಎರಡು ದಿನ ಸೊಂಟ ಬಗ್ಗಿಸಿ ನೆಟ್ಟೆ. ಬೇರು ಹಿಡಿದ ಪೈರಿಗೆ ಕೊರಡು ತಾಗಿದರೆ ತೆಂಡೆ ಹೆಚ್ಚುತ್ತದೆ, ಹಿಡಿಯದ ಪೈರು ಕಿತ್ತು ಬರುತ್ತದೆ. ಅವತ್ತು ಕಲಿತದ್ದನ್ನು ಆಮೇಲೆ ನನ್ನ ತರಗತಿಯಲ್ಲಿ ಮೂವತ್ತೆರಡು ವರ್ಷ ಕಂಡೆ.

ಗಣಿತದಲ್ಲಿ ನಿನ್ನ ಬೇರು ಎಲ್ಲಿ ಹಿಡಿದಿಲ್ಲ, ನೋಡೋಣ. ಹತ್ತನೇ ತರಗತಿಯ ಗಣಿತದಲ್ಲಿ ಬಿದ್ದವರಲ್ಲಿ ಹತ್ತನೇ ತರಗತಿಯ ಗಣಿತದಿಂದಲೇ ಬಿದ್ದವರು ಕಡಿಮೆ. ಒಬ್ಬ ಹುಡುಗ ಸಮೀಕರಣದ ಲೆಕ್ಕ ಬಂದರೆ ಬೆವರುತ್ತಿದ್ದ. ವರ್ಷವಿಡೀ ಸಮೀಕರಣವನ್ನೇ ಮತ್ತೆ ಮತ್ತೆ ಹೇಳಿಕೊಟ್ಟೆ, ಹತ್ತಲಿಲ್ಲ. ಒಂದು ದಿನ ಸುಮ್ಮನೆ ಕೇಳಿದೆ: ಮೂರರಲ್ಲಿ ಏಳು ಕಳೆದರೆ ಎಷ್ಟು? "ಕಳೆಯಲು ಬರುವುದಿಲ್ಲ ಸಾರ್" ಅಂದ. ಸಮೀಕರಣ ಅವನಿಗೆ ಅಡ್ಡಿಯೇ ಆಗಿರಲಿಲ್ಲ. ಆರನೇ ತರಗತಿಯ ಋಣಸಂಖ್ಯೆ ಕಾಲಿಗೆ ತೊಡರಿತ್ತು. ಊರ ಸಾಲದ ಲೆಕ್ಕ ಇಟ್ಟು ಹೇಳಿದೆ: ನಿನ್ನ ಕೈಯಲ್ಲಿ ಮೂರು ರೂಪಾಯಿ ಇದೆ, ಅಂಗಡಿಗೆ ಏಳು ಕೊಡಬೇಕು, ಇನ್ನೆಷ್ಟು ಬಾಕಿ? ಎರಡು ವಾರದಲ್ಲಿ ದಾರಿ ಬಿಡಿಸಿಕೊಂಡ. ಜೂನ್ ಪರೀಕ್ಷೆಯಲ್ಲಿ ಪಾಸಾದ.

ನೀನೂ ಹಾಗೇ ಮಾಡು. ಸ್ಕ್ಯಾನ್ ಪ್ರತಿ ಬಂದ ಮೇಲೆ ಒಂದು ನೋಟು ಪುಸ್ತಕದಲ್ಲಿ ಮೂರು ಸಾಲು ಮಾಡು. ಗೊತ್ತಿದ್ದೂ ತಪ್ಪಿದ್ದು ಒಂದು ಕಡೆ, ಅರ್ಧ ಗೊತ್ತಿದ್ದದ್ದು ಇನ್ನೊಂದು ಕಡೆ, ಏನೂ ಗೊತ್ತಿಲ್ಲದ್ದು ಮತ್ತೊಂದು ಕಡೆ. ಮೊದಲ ಎರಡು ಸಾಲು ಗಟ್ಟಿ ಮಾಡಿಕೊಂಡರೆ ಪಾಸು ಕೈಗೆಟುಕುತ್ತದೆ. ಗಣಿತ ಪತ್ರಿಕೆ 80 ಅಂಕದ್ದು, ಉಳಿದ 20 ಶಾಲೆಯ ಆಂತರಿಕ ಅಂಕ. ನೀನು ದಾಟಬೇಕಾದದ್ದು ಹಳ್ಳ, ಸಮುದ್ರವಲ್ಲ. ಏಳನೇ, ಎಂಟನೇ ತರಗತಿಯ ಪುಸ್ತಕ ತೆಗೆಯಲು ನಾಚಬೇಡ. ತಮ್ಮನ ಪುಸ್ತಕ ಕೇಳಿ ಓದುವವನು ಸಣ್ಣವನಾಗುವುದಿಲ್ಲ. ದಿನಕ್ಕೆ ಎರಡು ಗಂಟೆ, ಫೋನು ಅವ್ವನ ಕೈಯಲ್ಲಿ ಕೊಟ್ಟು. ಫೋನು ಪಕ್ಕದಲ್ಲೇ ಇಟ್ಟುಕೊಂಡು ಓದುತ್ತೇನೆ ಅಂದರೆ ನಾನು ನಂಬುವುದಿಲ್ಲ. ಬೆಕ್ಕಿನ ಪಕ್ಕ ಹಾಲಿಟ್ಟು ಕಾವಲು ಅಂದ ಹಾಗೆ.

ಇನ್ನೊಂದು ಮಾತು ಹೇಳಲು ನನಗೆ ಕಷ್ಟವಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಿದ್ದ, ಬರೆಯಲು ಕೂತರೆ ಅಕ್ಷರ ಹಿಂದುಮುಂದು, ಒತ್ತಕ್ಷರ ಮಾಯ. ಎಲ್ಲರ ಮುಂದೆ "ದಡ್ಡ" ಅಂದೆ. ಅವನು ಶಾಲೆ ಬಿಟ್ಟ. ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಡಿಸ್ಲೆಕ್ಸಿಯಾ ಅಂದರೇನು ಅಂತ ಕೇಳಿದಾಗ ಅವನ ಮುಖ ಕಣ್ಣ ಮುಂದೆ ಬಂತು. ಆ ನೋವು ಇನ್ನೂ ಇಳಿದಿಲ್ಲ. ನಿನಗೂ ಅಕ್ಷರ ಓಡಾಡಿದಂತೆ ಕಂಡರೆ, ಓದಿದ ಸಾಲೇ ಮತ್ತೆ ಮತ್ತೆ ಬಂದರೆ ಮುಚ್ಚಿಡಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತಂದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಇಂಥ ಅನುಕೂಲ ಸಿಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದಕ್ಕೆ ನಾಚುತ್ತೇವಾ? ಇದೂ ಅಷ್ಟೇ.

ಈಗ ನಿನ್ನ ದೊಡ್ಡ ಅಂಜಿಕೆಗೆ ಬರೋಣ. ಒಂದು ವರ್ಷ ಹಾಳಾಗುತ್ತದೆ ಅನ್ನುತ್ತೀಯ. ಮಂದಿಯೆಲ್ಲ ಎಂಜಿನಿಯರ್ ಆಗುತ್ತಾರೆ, ನಾನು ಹಿಂದೆ ಬೀಳುತ್ತೇನೆ ಅನ್ನುತ್ತೀಯ. ಬಾ, ಬೆರಳು ಮಡಿಚಿ ಎಣಿಸು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ. ಒಟ್ಟು ಆರು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮೂರು ವರ್ಷ. ಅದು ಮುಗಿದ ಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿ.ಇ.ಯ ಎರಡನೇ ವರ್ಷಕ್ಕೇ ನೇರ ಪ್ರವೇಶ, ಅಲ್ಲಿ ಮೂರು ವರ್ಷ. ಒಟ್ಟು ಆರು! ಒಂದು ದಿನವೂ ನಷ್ಟವಿಲ್ಲ, ಮೇಲಾಗಿ ಕೈಯಲ್ಲಿ ಡಿಪ್ಲೊಮಾ. ಐಟಿಐನಿಂದ ಹೊರಟರೆ ಐಟಿಐ ಎರಡು ವರ್ಷ, ಆಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿ ಎರಡು ವರ್ಷ, ಬಿ.ಇ. ಮೂರು ವರ್ಷ. ಏಳು. ನೀನು ಇಷ್ಟು ಅಂಜಿದ್ದು ಒಂದೇ ಒಂದು ವರ್ಷಕ್ಕೆ. ಆ ಒಂದು ವರ್ಷದ ಬದಲಿಗೆ ಸ್ಪ್ಯಾನರ್ ಹಿಡಿದ ಕೈ ಸಿಗುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೋಟರನ್ನು ಚಿತ್ರದಲ್ಲಿ ಮಾತ್ರ ನೋಡಿದ ಹುಡುಗರ ನಡುವೆ, ಬಿಚ್ಚಿ ಕಟ್ಟಿದ ಹುಡುಗನಿಗೆ ಬೇರೆಯೇ ಧೈರ್ಯ ಇರುತ್ತದೆ.

ಎಸ್ಸೆಸ್ಸೆಲ್ಸಿಯೇ ದಾಟದೆ ಉಳಿದರೂ ಎಲ್ಲ ಬಾಗಿಲು ಹಾಕಿಲ್ಲ. ವೆಲ್ಡರ್, ವೈರ್‌ಮನ್‌ನಂಥ ಕೆಲವು ಐಟಿಐ ವೃತ್ತಿಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕಾದರೆ ಎಸ್ಸೆಸ್ಸೆಲ್ಸಿ ಬೇಕು. ಮಣ್ಣಿನ ಮೇಲೆ ಮನಸ್ಸಿದ್ದರೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಪಾಠ ಕನ್ನಡದಲ್ಲೇ. ಆಸ್ಪತ್ರೆ ಕೆಲಸ ಇಷ್ಟವಿದ್ದರೆ ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್‌ನಂಥ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ. ಯಂತ್ರದ ಹುಚ್ಚಿದ್ದರೆ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು, ಈಗ ಹಲವು ಜಿಲ್ಲೆಗಳಲ್ಲಿದೆ.

ಪಿಯುಸಿಗೇ ಹೋಗುವುದಾದರೆ ಒಂದು ಮಾತು ಗಂಟು ಹಾಕಿಕೋ. ಸೈನ್ಸ್ ಅಂದರೆ ಮಾನ, ಆರ್ಟ್ಸ್ ಅಂದರೆ ಅವಮಾನ ಅಂತ ಯಾರು ಹೇಳಿಕೊಟ್ಟರೋ! ಪಕ್ಕದ ಮನೆಯವರು ಪಿಸಿಎಂಬಿ ತಗೊಂಡರು ಅಂತ ನೀನೂ ತಗೊಂಡರೆ, ಪಕ್ಕದವನ ಅಳತೆಯ ಅಂಗಿ ಹೊಲಿಸಿಕೊಂಡ ಹಾಗೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ಮಕ್ಕಳು ಸೈನ್ಸಿಗೆ ಹೋಗಿ ಒಮ್ಮೆಲೇ ಇಂಗ್ಲಿಷಿನಲ್ಲಿ ಪಾಠ ಕೇಳಿ ಕಂಗಾಲಾಗುವುದನ್ನು ಕಂಡಿದ್ದೇನೆ. ವಿಷಯ ಗೊತ್ತಿರುತ್ತದೆ, ಅದರ ಹೆಸರು ಗೊತ್ತಿರುವುದಿಲ್ಲ. ಸೈನ್ಸೇ ಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದರೆ, ಕಾಲೇಜು ತೆರೆಯುವ ಮೊದಲೇ ದಿನಕ್ಕೆ ಹತ್ತು ಪದ ಬರೆದಿಡು. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. ಎರಡು ತಿಂಗಳಿಗೆ ಆರುನೂರು ಪದ. ಅದೇ ನಿನ್ನ ಗುಳಿಯ ಗೊಬ್ಬರ. ಗಣಿತ ಬೇಡವೇ ಬೇಡ ಅನ್ನಿಸಿದರೆ ಹೆಚ್‌ಇಪಿಎಸ್ ತಗೋ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಐಎಎಸ್, ಕೆಎಎಸ್ ಪರೀಕ್ಷೆಗೆ ಕೂರುವವರು ಎಷ್ಟೋ ಮಂದಿ ಕೊನೆಗೆ ಇದೇ ಪುಸ್ತಕಗಳ ಮುಂದೆ ಬಂದು ಕೂರುತ್ತಾರೆ. ನೀನು ಮೊದಲೇ ಕೂತಿರುತ್ತೀಯ, ಅಷ್ಟೇ.

ದಿನವೂ ಕಾಲೇಜಿಗೆ ಹೋಗಲಾಗದ ಮನೆ ಇರಬಹುದು. ಅಪ್ಪನಿಗೆ ಹುಷಾರಿಲ್ಲ, ಅಂಗಡಿ ನೋಡಬೇಕು, ದನ ನೋಡಬೇಕು. ಅದಕ್ಕೂ ದಾರಿ ಇದೆ. ಎನ್‌ಐಓಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಿಂದ ಇದೆ. ಅಲ್ಲಿ ಐದು ವರ್ಷದ ಒಳಗೆ ಒಂಬತ್ತು ಸಲ ಪರೀಕ್ಷೆಗೆ ಅವಕಾಶ. ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ನೀನು ಈಗಾಗಲೇ ಪಾಸಾದ ಎರಡು ವಿಷಯದವರೆಗಿನ ಅಂಕವನ್ನು ಅಲ್ಲಿಗೆ ಒಯ್ಯಬಹುದು. ಗಣಿತ ಕಡ್ಡಾಯವಲ್ಲ. ಹಾಗಂತ ಕೂಡಲೇ ಗಣಿತ ಬಿಡಬೇಡ. ಮುಂದೆ ಡಿಪ್ಲೊಮಾಗೆ, ಎಂಜಿನಿಯರಿಂಗಿಗೆ ಹೋಗುವ ಆಸೆ ಇದ್ದರೆ ಬಿಟ್ಟ ಗಣಿತ ಬಾಗಿಲಲ್ಲೇ ನಿಂತಿರುತ್ತದೆ. ಕಲೆ, ವಾಣಿಜ್ಯದಲ್ಲಿ ದ್ವಿತೀಯ ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿಯೂ ಬರೆಯಬಹುದು. ಪಿಯುಸಿ ಆಯಿತು ಅಂದರೆ ಪದವಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ಇಗ್ನೊ ಇದೆ. ಹಗಲು ದುಡಿದು ರಾತ್ರಿ ಓದಿ ಪದವಿ ತಗೊಂಡವರನ್ನು ನಾನು ಕಂಡಿದ್ದೇನೆ. ಅವರ ಪುಸ್ತಕದ ಅಂಚಿಗೆ ಗ್ರೀಸಿನ ಕಲೆ ಇರುತ್ತಿತ್ತು. ಅಂಥ ಪುಸ್ತಕ ನೋಡಿದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ.

ಒಂದು ಎಚ್ಚರಿಕೆ. "ಪರೀಕ್ಷೆ ಬರೆಯುವುದೇ ಬೇಡ, ಒಂದೇ ವರ್ಷದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಕೊಡಿಸುತ್ತೇವೆ" ಅನ್ನುವವರು ಫಲಿತಾಂಶದ ವಾರ ಹಬ್ಬದ ನೊಣದ ಹಾಗೆ ಮುತ್ತುತ್ತಾರೆ. ನಮ್ಮ ಓಣಿಯ ಒಬ್ಬ ಹುಡುಗ ಅಂಥ ಒಬ್ಬನಿಗೆ ಅವ್ವನ ಬೋರಮಾಳ ಒತ್ತೆಯಿಟ್ಟು ದುಡ್ಡು ಕೊಟ್ಟ. ಅಂಕಪಟ್ಟಿ ಮಿರಿಮಿರಿ ಮಿಂಚುತ್ತಿತ್ತು. ಕೆಲಸಕ್ಕೆ ಸೇರುವಾಗ ಪರಿಶೀಲನೆಗೆ ಕಳಿಸಿದರು, ಅಂಥ ಮಂಡಳಿಯೇ ಇಲ್ಲ ಅಂತ ಉತ್ತರ ಬಂತು. ಮಾಳವೂ ಹೋಯಿತು, ಕೆಲಸವೂ ಹೋಯಿತು. ಸೇರುವ ಮೊದಲು ಮಾನ್ಯತೆ ಕೇಳು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ, ನೋಡು. ಬೇಗ ಬಂದದ್ದು ಬೇಗ ಹೋಗುತ್ತದೆ, ಹೋಗುವಾಗ ಮನೆಯದ್ದನ್ನೂ ಒಯ್ಯುತ್ತದೆ.

ತಂಗೀ, ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೀಯಲ್ಲ, ಮುಂದೆ ಬಾ. ನಿನ್ನ ಅಣ್ಣನಿಗೆ ಎರಡನೇ ಅವಕಾಶ, ನಿನಗೆ ಒಂದೇ ಅಂತ ಯಾವ ಕಾನೂನಿನಲ್ಲೂ ಇಲ್ಲ. ಒಂದು ವಿಷಯ ಉಳಿಯಿತು ಅಂದ ಕೂಡಲೇ ಹುಡುಗಿಗೆ ಗಂಡು ನೋಡಲು ಹೊರಡುವ ಮನೆಗಳು ನನಗೆ ಗೊತ್ತು. ಹದಿನೆಂಟರ ಒಳಗೆ ಮದುವೆ ಮಾಡುವುದು ಅಪರಾಧ. ಯಾರಾದರೂ ಒತ್ತಾಯ ಮಾಡಿದರೆ 1098ಕ್ಕೆ ಫೋನು ಮಾಡು. ಕಾಲೇಜು ದೂರ ಅನ್ನುವ ನೆಪವೂ ಈಗ ನಡೆಯುವುದಿಲ್ಲ. 2023ರ ಜೂನ್‌ನಿಂದ ಸರ್ಕಾರದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡೇ ಬೇಕಿಲ್ಲ. ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ನೀನು ಪುಸ್ತಕ ಮುಚ್ಚಬೇಡ.

ದುಡ್ಡಿನ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇನೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕು. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡು. ಸರ್ಕಾರದ ಹಾಸ್ಟೆಲ್ಲುಗಳಿವೆ, ಕೇಳಲು ಸಂಕೋಚ ಬೇಡ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಬಿಇಓ ಸಹಿ ಇರುವ ಪ್ರಮಾಣಪತ್ರ ತಗೊಂಡಿಡು. ಮುಂದೆ ಸಿಇಟಿ ಸೀಟು ಹಂಚುವಾಗ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಇಷ್ಟು ದಿನ ನೀನು ಕೊರತೆ ಅಂದುಕೊಂಡದ್ದೇ ಅಲ್ಲಿ ನಿನ್ನ ಪರವಾಗಿ ನಿಲ್ಲುತ್ತದೆ.

ಈಗ ನಿನ್ನ ಮೂರು ತೀರ್ಮಾನಕ್ಕೆ ನನ್ನ ಮೂರು ಕೆಲಸ. ನಾಳೆ ಬೆಳಗ್ಗೆ ಶಾಲೆಗೆ ಹೋಗಿ, ಹೆಡ್‌ಮಾಸ್ತರನ್ನು ಕಂಡು, ಎರಡನೇ ಪರೀಕ್ಷೆಗೂ ಸ್ಕ್ಯಾನ್ ಪ್ರತಿಗೂ ಅರ್ಜಿ ಹಾಕು. ಸಂಜೆ ತಮ್ಮನ ಏಳನೇ ತರಗತಿಯ ಗಣಿತ ಪುಸ್ತಕ ಹಿಡಿದು ನನ್ನ ಜಗಲಿಗೆ ಬಾ. ಈ ವಾರದೊಳಗೆ ಒಂದು ದಿನ ಹತ್ತಿರದ ಪಾಲಿಟೆಕ್ನಿಕ್‌ಗೂ ಐಟಿಐಗೂ ಹೋಗಿ, ಅಲ್ಲಿ ಓದುವ ಹುಡುಗರ ಜೊತೆ ಕೂತು ಚಹಾ ಕುಡಿದು ಬಾ. ಯಾವ ದಾರಿ ಅಂತ ಆಮೇಲೆ ಮಾತಾಡೋಣ. ಎತ್ತು ಕೊಳ್ಳುವವನು ಸಂತೆ ತಿರುಗಬೇಕು ಅಂದೆನಲ್ಲ.

ಬೆಂಗಳೂರು ಎಲ್ಲಿಗೂ ಹೋಗುವುದಿಲ್ಲ. ಹೋಗಬೇಕಾದಾಗ ಕೈಯಲ್ಲಿ ಏನಾದರೂ ಹಿಡಿದು ಹೋಗು.

ಅವತ್ತು ನಾನು ಎರಡನೇ ಸಲ ನೆಟ್ಟ ಸಾಲುಗಳು ಹೊಲದಲ್ಲಿ ಉಳಿದವುಗಳಿಗಿಂತ ಎರಡು ವಾರ ಹಿಂದೆ ಬಿದ್ದಿದ್ದವು. ದಿನಾ ಹೋಗಿ ನೋಡುತ್ತಿದ್ದೆ. ಅಪ್ಪ ಅವಸರ ಮಾಡಲಿಲ್ಲ. ಬೇರು ಹಿಡಿದಿದೆಯಾ ಅಂತ ಒಂದು ಸಸಿಯನ್ನು ಮೆಲ್ಲಗೆ ಎಳೆದು ನೋಡಿ, ಆಮೇಲೆ ಕೊರಡಿನ ಹಗ್ಗವನ್ನು ನನ್ನ ಕೈಗೇ ಕೊಟ್ಟ. ಸುಗ್ಗಿಯಲ್ಲಿ ಕಣಕ್ಕೆ ಬಂದ ರಾಗಿಯಲ್ಲಿ ಯಾವುದು ಮೊದಲು ನೆಟ್ಟದ್ದು, ಯಾವುದು ಆಮೇಲೆ ನೆಟ್ಟದ್ದು ಅಂತ ಆರಿಸಲು ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ.

ಏಳು, ಕೈಕಾಲು ತೊಳೆದುಕೋ. ಅವ್ವ ರೊಟ್ಟಿ ಬಡಿದಿಟ್ಟು ಕಾಯುತ್ತಿದ್ದಾಳೆ. ಮೊದಲು ಉಣ್ಣು.